ಚರ್ಚ್ ನರ್ಸರಿಯ ಮಾರ್ಚ್–ಏಪ್ರಿಲ್: ಗರಿ ಪೀಪಿಗೆ ಪೂರ್ತಿ ಮಾರ್ಕು, ಕರಿ ಗೌನಿಗೆ ಸೊನ್ನೆ

ಮೈಸೂರಿನ ಬನ್ನಿಮಂಟಪದ ಕಡೆ ಒಂದು ಚರ್ಚ್ ಕಾಂಪೌಂಡಿನ ಒಳಗೆ ನಡೆಯುವ ಸಣ್ಣ ನರ್ಸರಿಯ ಬಗ್ಗೆ ಇದು. ಹೆಸರು ಹಾಕುತ್ತಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ, ಮಗಳು ಜೂನ್‌ನಿಂದ ಯುಕೆಜಿಗೆ ಅಲ್ಲೇ ಹೋಗಬೇಕು, ಅಷ್ಟು ಹೇಳಿದರೆ ಸಾಕು ಅಲ್ವಾ. ನರ್ಸರಿ ರಿವ್ಯೂ ಅಂದರೆ ಎಸಿ ಇದೆಯಾ, ಸಿಸಿಟಿವಿ ಇದೆಯಾ, ವ್ಯಾನಿಗೆ ಎಷ್ಟು ಅಂತಲೇ ಎಲ್ಲರೂ ಬರೆಯುತ್ತಾರೆ. ನಾನು ಬರೀ ಫೆಬ್ರವರಿಯಿಂದ ಏಪ್ರಿಲ್ ತನಕ ಇವರು ಮಾಡಿದ ಚಟುವಟಿಕೆಗಳ ಬಗ್ಗೆ ಬರೆಯುತ್ತೇನೆ. ಜೂನ್ ಜುಲೈ ಮಕ್ಕಳನ್ನು ಸಮಾಧಾನ ಮಾಡುವುದರಲ್ಲೇ ಕಳೆಯುತ್ತದೆ, ಆಮೇಲೆ ದಸರಾ, ಕ್ರಿಸ್‌ಮಸ್ ಅಂತ ರಜೆಗಳು. ಪಾಠ ಹೆಚ್ಚುಕಡಿಮೆ ಮುಗಿದು ಬಿಸಿಲು ಏರುವ ಹೊತ್ತಿಗೆ ಟೀಚರ್‌ಗಳಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಮಕ್ಕಳ ಜೊತೆ ಏನು ಮಾಡುತ್ತಾರೆ ಅನ್ನುವುದರಲ್ಲಿ ಶಾಲೆಯ ಬಣ್ಣ ಗೊತ್ತಾಗುತ್ತದೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಕೈಗೆ ಕೊಟ್ಟು ಮಾಡಿಸಿದ್ದೆಲ್ಲ ಚೆನ್ನಾಗಿತ್ತು. ಅಪ್ಪ ಅಮ್ಮಂದಿರ ಮೊಬೈಲಿಗೋಸ್ಕರ ಮಾಡಿದ್ದೆಲ್ಲ ಕೆಟ್ಟಿತು.

ಜಾಗ ದೊಡ್ಡದೇನಲ್ಲ. ನಾಲ್ಕು ರೂಮು, ಒಂದು ವರಾಂಡ, ಮುಂದೆ ಮರಳಿನ ಗುಂಡಿ, ಜಾರುಬಂಡೆ. ಎರಡು ಹೊಂಗೆ ಮರ ಇರುವುದೇ ಇಲ್ಲಿನ ಆಸ್ತಿ. ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿ ಬೋಳಾಗಿ, ಮಾರ್ಚ್‌ನಲ್ಲಿ ಎಣ್ಣೆ ಹಚ್ಚಿದ ಹಾಗೆ ಮಿನುಗುವ ಹೊಸ ಎಲೆ ಬರುತ್ತದಲ್ಲ, ಆ ಮರದ ಕೆಳಗೇ ಅರ್ಧ ಕ್ಲಾಸು ನಡೆಯುತ್ತದೆ. ಉದುರಿದ ಎಲೆ ಗುಡಿಸಲು ಆಯಮ್ಮ ಮಕ್ಕಳಿಗೆ ಪುಟ್ಟ ಪೊರಕೆ ಕೊಟ್ಟಿದ್ದರು. ಫೀಸು ಕಟ್ಟಿ ಕಸ ಗುಡಿಸೋಕೆ ಕಳಿಸಿದ್ದೀವಾ ಅಂತ ಒಬ್ಬರು ಗ್ರೂಪಿನಲ್ಲಿ ಕೇಳಿದರು. ಆ ಎಲೆ ರಾಶಿಯ ಮೇಲೆ ಹಾರಿ ಬೀಳುವುದೇ ಮಕ್ಕಳಿಗೆ ಆ ತಿಂಗಳ ದೊಡ್ಡ ಆಟವಾಗಿತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಇಲ್ಲೇ ಒಂದು ತಮಾಷೆ. ಕ್ಲಾಸಿನ ಗೋಡೆಯ ಮೇಲೆ 'ಸ್ಪ್ರಿಂಗ್' ಅಂತ ಒಂದು ಚಾರ್ಟ್. ಅದರಲ್ಲಿ ಟುಲಿಪ್ ಹೂವು, ಕರಗುತ್ತಿರುವ ಹಿಮ, ಸ್ವೆಟರ್ ಹಾಕಿದ ಮೊಲ. ಕಿಟಕಿಯ ಆಚೆ ನೋಡಿದರೆ ರಸ್ತೆ ತುಂಬಾ ಗುಲಾಬಿ ಬಣ್ಣದ ತಬೆಬುಯಾ ಹೂವು ಬಿದ್ದಿದೆ, ಗೇಟಿನ ಪಕ್ಕದ ಬೇವಿನ ಮರ ಹೂ ಬಿಟ್ಟು ಘಮ್ಮಂತಿದೆ, ಎದುರು ಮನೆಯ ಮಾವಿನಲ್ಲಿ ಮಿಡಿ ಕಚ್ಚಿದೆ. ಮೈಸೂರಿನ ಮಗುವಿಗೆ ಹಿಮ ಕರಗುವುದನ್ನು ತೋರಿಸಬೇಕಾದರೆ ಫ್ರಿಜ್ಜೇ ಗತಿ. ಚಾರ್ಟ್ ಅಂಗಡಿಯಲ್ಲಿ ಸಿಗುವುದೇ ಅದು, ಟೀಚರ್ ತಪ್ಪಲ್ಲ. ಆದರೂ ಯಾರಾದರೂ ಒಬ್ಬರು ಹೊಂಗೆ, ಬೇವು, ಮುತ್ತುಗ ಹಾಕಿ ಒಂದು ಚಾರ್ಟ್ ಪ್ರಿಂಟ್ ಮಾಡಬಾರದಾ?

ಚಾರ್ಟ್ ಹಾಗಿದ್ದರೂ ಕೆಲಸ ಬೇರೆ ಥರ ಇತ್ತು. ಫೆಬ್ರವರಿ ಕೊನೆಗೆ ಪ್ರತಿ ಮಗುವೂ ಒಂದು ತೆಂಗಿನ ಕರಟ ತರಬೇಕು ಎಂದು ಡೈರಿಯಲ್ಲಿ ಬಂತು. ದುಡ್ಡು ಖರ್ಚಿಲ್ಲದ ಪ್ರಾಜೆಕ್ಟ್, ನನಗೆ ಅಲ್ಲೇ ಖುಷಿ. ಕಣ್ಣು ಇರುವ ಕಡೆಯ ಹೋಳೇ ಬೇಕು ಎಂದು ಬೇರೆ ಬರೆದಿದ್ದರು. ತೆಂಗಿನಕಾಯಿಯ ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಅದನ್ನು ಚುಚ್ಚಿದರೆ ನೀರು ಇಳಿದು ಹೋಗಲು ತೂತು ರೆಡಿ. ಮಣ್ಣು ತುಂಬಿ ಕೆಲವರಿಗೆ ಹೆಸರುಕಾಳು, ಕೆಲವರಿಗೆ ಮೆಂತ್ಯ, ಕೆಲವರಿಗೆ ರಾಗಿ. ಹೆಸರು ಮೊದಲು ತಲೆ ಎತ್ತಿತು. ರಾಗಿ ಹಾಕಿದವರು ಮುಖ ಊದಿಸಿಕೊಂಡರು.

ನನಗೆ ಇಷ್ಟವಾದದ್ದು ಎರಡು ವಿಷಯ. ಒಂದು, ಕೆಲವು ಮಕ್ಕಳು ಪ್ರೀತಿ ಜಾಸ್ತಿಯಾಗಿ ದಿನಕ್ಕೆ ಮೂರು ಸಲ ನೀರು ಹುಯ್ದು ಬೀಜ ಕೊಳೆತುಹೋಯಿತು. ಎಷ್ಟೋ ಶಾಲೆಗಳಲ್ಲಿ ಟೀಚರ್ ರಾತ್ರೋರಾತ್ರಿ ಬೇರೆ ಗಿಡ ತಂದಿಟ್ಟು ಫೋಟೋ ತೆಗೆದುಬಿಡುತ್ತಾರೆ. ಇಲ್ಲಿನ ಮಿಸ್ ಆ ಕೊಳೆತ ಕಾಳನ್ನು ಮಗುವಿನ ಕೈಯಲ್ಲೇ ತೆಗೆಸಿ, ಮೂಗಿಗೆ ಹಿಡಿಸಿ, ಇನ್ನೊಂದು ಸಲ ಬಿತ್ತಿಸಿದರು. ಎರಡನೆಯದು, ಒಂದು ಕರಟವನ್ನು ಬೀರುವಿನ ಒಳಗೆ ಇಟ್ಟು ಬಾಗಿಲು ಹಾಕಿದ್ದರು. ವಾರ ಬಿಟ್ಟು ತೆಗೆದರೆ ಮೊಳಕೆಗಳು ಹೊರಗಿನವಕ್ಕಿಂತ ಉದ್ದ, ಆದರೆ ಸೊರಗಿ ಹಳದಿ. ಕತ್ತಲಲ್ಲಿದ್ದ ಗಿಡ ಬೆಳಕು ಹುಡುಕಿಕೊಂಡು ಉದ್ದ ಓಡುತ್ತದೆ, ಬೆಳಕಿಲ್ಲದೆ ಹಸಿರು ಬರುವುದಿಲ್ಲ. ನಾನು ಇದನ್ನು ಓದಿದ್ದು ಹೈಸ್ಕೂಲಿನಲ್ಲಿ, ಅದೂ ಬಾಯಿಪಾಠ. ಮಗಳು ಮನೆಗೆ ಬಂದು, "ಅಜ್ಜಿ, ಕರ್ಟನ್ ತೆಗಿ, ಇಲ್ಲಾಂದ್ರೆ ನೀನೂ ಹಳದಿ ಆಗ್ತೀಯ" ಎಂದಳು. ಅತ್ತೆಯವರಿಗೆ ಮಧ್ಯಾಹ್ನದ ನಿದ್ದೆ ಹೋಯಿತು. ಕೊನೆಗೆ ಮೆಂತ್ಯವನ್ನು ಕತ್ತರಿಯಲ್ಲಿ ಕತ್ತರಿಸಿ ಆಯಮ್ಮ ಅಕ್ಕಿ ರೊಟ್ಟಿ ತಟ್ಟಿಕೊಟ್ಟರಂತೆ. ಮನೆಯಲ್ಲಿ ಸೊಪ್ಪು ಅಂದರೆ ಬಾಯಿ ಮುಚ್ಚಿಕೊಳ್ಳುವವಳು ಅಲ್ಲಿ ಎರಡು ತಿಂದಿದ್ದಾಳೆ.

ಸ್ಪೋರ್ಟ್ಸ್ ಡೇ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವುದು ಮೂರು ವರ್ಷದವರಿಗೆ ಆಗದ ಕೆಲಸ ಅಂತ ಸೌಟಿನಲ್ಲಿ ಆಲೂಗಡ್ಡೆ ಕೊಟ್ಟಿದ್ದರು, ಒಳ್ಳೆ ಐಡಿಯಾ. ಫಸ್ಟ್ ಸೆಕೆಂಡ್ ಇಲ್ಲ, ಎಲ್ಲರಿಗೂ ಒಂದೇ ರಿಬ್ಬನ್. ಆದರೆ 9 ಗಂಟೆಗೆ ಅಂತ ಹೇಳಿ ಮುಖ್ಯ ಅತಿಥಿ ಬರುವ ತನಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದು ತಪ್ಪು. ಫೆಬ್ರವರಿಯ ಬಿಸಿಲೂ ಬಿಸಿಲೇ. ಅತಿಥಿಗಳು ಬಂದವರು ಶಿಸ್ತು ಮತ್ತು ಸಮಯಪಾಲನೆಯ ಬಗ್ಗೆ ಮಾತಾಡಿದರು.

ಈ ವರ್ಷ, ಅಂದರೆ 2026ರಲ್ಲಿ, ಕ್ಯಾಲೆಂಡರ್ ಬಹಳ ಚೆನ್ನಾಗಿ ಕೂಡಿಬಂದಿತ್ತು. ಕ್ರೈಸ್ತರ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 18ಕ್ಕೆ, ರಂಜಾನ್ ಉಪವಾಸವೂ ಅದೇ ಹೊತ್ತಿಗೆ ಶುರು. ಯುಗಾದಿ ಮಾರ್ಚ್ 19ಕ್ಕೆ, ರಂಜಾನ್ ಹಬ್ಬ ಅದೇ ವಾರ. ಗರಿಗಳ ಭಾನುವಾರ ಮಾರ್ಚ್ 29, ಈಸ್ಟರ್ ಏಪ್ರಿಲ್ 5. ಕ್ಲಾಸಿನಲ್ಲಿ ಮೂರೂ ಥರದ ಮನೆಗಳ ಮಕ್ಕಳಿದ್ದಾರೆ. ಚರ್ಚ್‌ನವರಿಗೆ ಈಸ್ಟರ್‌ಗೆ ಮುಂಚಿನ 40 ದಿನ ತಪಸ್ಸುಕಾಲ, ದೊಡ್ಡ ಆಚರಣೆ ಏನೂ ಇಲ್ಲ. ಅದಕ್ಕೆ ಈ ದಿನಗಳಲ್ಲಿ 'ಹಿಡಿ ಅಕ್ಕಿ' ಅಂತ ಒಂದು ಡಬ್ಬ ಇಟ್ಟಿದ್ದರು. ವಾರಕ್ಕೊಮ್ಮೆ ಮಗು ತನ್ನ ಪುಟ್ಟ ಹಿಡಿಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಅಕ್ಕಿ ತಂದು ಹಾಕಬೇಕು, ತುಂಬಿದ ಮೇಲೆ ವೃದ್ಧಾಶ್ರಮಕ್ಕೆ. ನಮ್ಮ ಅಜ್ಜಿಯ ಕಾಲದಲ್ಲಿ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ಬೇರೆ ಮಡಕೆಗೆ ಹಾಕುತ್ತಿದ್ದರು, ಹಾಗಾಗಿ ಇದು ನಮ್ಮತ್ತೆಗೆ ಹೊಸದೇನೂ ಅನ್ನಿಸಲಿಲ್ಲ. ಐದು ಕೇಜಿ ಬ್ಯಾಗ್ ತಂದು ಕೊಟ್ಟ ಅಪ್ಪ ಒಬ್ಬರಿಗೆ ಸಿಸ್ಟರ್ ನಯವಾಗಿ, ಬೇಡ, ಮಗುವಿನ ಹಿಡಿಯೇ ಸಾಕು ಎಂದದ್ದನ್ನು ಕಣ್ಣಾರೆ ನೋಡಿದೆ.

ಯುಗಾದಿಯ ಹಿಂದಿನ ದಿನ ತೋರಣ ಕಟ್ಟಿಸಿದರು. ಪೊರಕೆ ಕಡ್ಡಿ ಮುರಿದು ಮಾವಿನೆಲೆ ಮಡಚಿ ಚುಚ್ಚುವುದು. ನಾಲ್ಕು ವರ್ಷದ ಬೆರಳಿಗೆ ಅದು ಸುಲಭ ಅಲ್ಲ, ಅರ್ಧ ಎಲೆ ಹರಿದವು, ತೋರಣ ಒಂದು ಕಡೆ ಜೋತು ಬಿದ್ದಿತ್ತು. ಅದನ್ನೇ ಬಾಗಿಲಿಗೆ ಕಟ್ಟಿದರು, ಸರಿಮಾಡಲು ಹೋಗಲಿಲ್ಲ. ಬೇವು ಬೆಲ್ಲ ಹಂಚಿದಾಗ ಬೆಲ್ಲ ಹೊಟ್ಟೆಗೆ ಹೋಯಿತು, ಬೇವಿನ ಹೂವು ಟೀಚರ್ ಸೀರೆಗೆ ಹೋಯಿತು.

ಇನ್ನು ಗರಿ. ಇದಕ್ಕೇ ನಾನು ಈ ರಿವ್ಯೂ ಬರೆಯಲು ಕೂತದ್ದು ಅಂದರೂ ತಪ್ಪಿಲ್ಲ. ಗರಿಗಳ ಭಾನುವಾರಕ್ಕೆ ಚರ್ಚ್‌ನವರು ತೆಂಗಿನ ಗರಿ ತರಿಸಿದ್ದರು. ಯೇಸು ಜೆರುಸಲೇಮಿಗೆ ಕತ್ತೆಯ ಮೇಲೆ ಬಂದಾಗ ಜನ ಗರಿ ಹಿಡಿದು ಸ್ವಾಗತ ಮಾಡಿದ್ದರ ನೆನಪಿಗೆ ಅವತ್ತು ಎಲ್ಲರೂ ಗರಿ ಹಿಡಿದು ಮೆರವಣಿಗೆ ಹೋಗುತ್ತಾರೆ. ಅದರ ಹಿಂದಿನ ವಾರ ಅಜ್ಜಿ ತಾತಂದಿರ ದಿನ ಇಟ್ಟುಕೊಂಡಿದ್ದರು. ಸಿಸ್ಟರ್ ಗರಿಯನ್ನು ಸೀಳಿ ಮಡಚಿ ಶಿಲುಬೆ ಮಾಡುವುದನ್ನು ತೋರಿಸುತ್ತಿದ್ದರು. ಪಾಂಡವಪುರದ ಕಡೆಯ ಹಳ್ಳಿಯಿಂದ ಬಂದಿದ್ದ ಒಬ್ಬ ತಾತ ಸುಮ್ನೆ ಕೂತಿದ್ದವರು, "ಕೊಡಿ ಇಲ್ಲಿ ಒಂದು" ಎಂದು ಗರಿ ತೆಗೆದುಕೊಂಡರು. ನಡುವಿನ ಕಡ್ಡಿ ಸರ್ರನೆ ಎಳೆದು ಬಿಸಾಕಿದರು. ಎಲೆಯ ಸಣ್ಣ ತುದಿಯಿಂದ ಓರೆಯಾಗಿ ಸುತ್ತುತ್ತಾ ಸುತ್ತುತ್ತಾ ಬಾಯಿ ಅಗಲ ಮಾಡಿದರು, ಬಿಚ್ಚಿಕೊಳ್ಳದ ಹಾಗೆ ಅದೇ ಕಡ್ಡಿಯ ಚೂರು ಚುಚ್ಚಿದರು, ಸಣ್ಣ ತುದಿಯನ್ನು ಹಲ್ಲಿನಲ್ಲಿ ಮೆತ್ತಗೆ ಕಚ್ಚಿ ಚಪ್ಪಟೆ ಮಾಡಿ ಊದಿದರು. ಪೀಈಈ! ಆಮೇಲೆ ಕೇಳಬೇಕಾ. ವಾಚು, ಕನ್ನಡಕ, ಹಾವು, ಗಿರಗಟ್ಟಲೆ, ಒಂದಾದ ಮೇಲೆ ಒಂದು. ಬೇರೆ ತಾತಂದಿರಿಗೂ ಕೈ ನೆನಪಾಗಿ ನೆಲಕ್ಕೆ ಕೂತರು. ಅಜ್ಜಿಯೊಬ್ಬರು ಪುಟ್ಟ ಬುಟ್ಟಿಯನ್ನೇ ಹೆಣೆದರು. ಇಡೀ ಕಾಂಪೌಂಡಿನಲ್ಲಿ ಪೀಪಿ ಸದ್ದು. ಫಾದರ್ ಹೊರಗೆ ಬಂದಾಗ ಗದರುತ್ತಾರೆ ಅಂದುಕೊಂಡೆ, ಅವರೂ ಒಂದು ಪೀಪಿ ಕೇಳಿ ಮಾಡಿಸಿಕೊಂಡು ಹೋದರು.

ಕಾರ್ಯಕ್ರಮಪಟ್ಟಿಯಲ್ಲಿ ಅವತ್ತು ಅಜ್ಜಿ ತಾತಂದಿರಿಗೆ ಮ್ಯೂಸಿಕಲ್ ಚೇರ್ ಇತ್ತು. ಅದು ನಡೆಯಲೇ ಇಲ್ಲ. ನಡೆಯದಿದ್ದರೆ ನಡೆಯಲಿಲ್ಲ ಎಂದು ಬಿಟ್ಟುಬಿಡುವ ಬುದ್ಧಿ ಇತ್ತಲ್ಲ, ಆ ಟೀಚರ್‌ಗಳಿಗೆ ಹ್ಯಾಟ್ಸಾಫ್.

ಮಾರ್ಚ್ ತಿಂಗಳಲ್ಲೇ ಒಂದು ಟ್ರಿಪ್ ಕೂಡ ಇತ್ತು, 250 ರೂಪಾಯಿ. ಮೊದಲು ಫಿಲೋಮಿನಾ ಚರ್ಚ್. ಅದಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರ್, 1933ರಲ್ಲಿ. ಗೋಪುರ ಎರಡೂ 175 ಅಡಿ. ಮಕ್ಕಳಿಗೆ ಇದೆಲ್ಲ ಯಾಕೆ, ಅವರಿಗೆ ಬೇಕಾದ್ದು ಬಣ್ಣದ ಗಾಜಿನ ಕಿಟಕಿ. ಬೆಳಗಿನ ಬಿಸಿಲು ಗಾಜು ದಾಟಿ ಒಳಗೆ ಕೆಂಪು ನೀಲಿ ಚೆಲ್ಲುತ್ತದೆ, ಕೈ ಒಡ್ಡಿದರೆ ಕೈ ನೀಲಿ. ಅಷ್ಟಕ್ಕೇ ಎಲ್ಲರೂ ಸಾಲು ನಿಂತರಂತೆ. ಅಲ್ಲಿಂದ ಕಾರಂಜಿ ಕೆರೆಗೆ ಹೋಗಿ ಚಿಟ್ಟೆ ಪಾರ್ಕು, ಒಳಗೇ ನಡೆದಾಡುವ ದೊಡ್ಡ ಪಕ್ಷಿಮನೆ ನೋಡಿದ್ದಾರೆ. ಪಕ್ಕದಲ್ಲೇ ಝೂ ಇದ್ದರೂ ಕರೆದುಕೊಂಡು ಹೋಗಲಿಲ್ಲ ಎಂದು ಕೆಲವರ ದೂರು. ನಾನು ಟೀಚರ್ ಕಡೆ. ಮೈಸೂರು ಝೂ ಪೂರ್ತಿ ಸುತ್ತಿದರೆ ದೊಡ್ಡವರ ಕಾಲೇ ಬಿದ್ದುಹೋಗುತ್ತದೆ, ಇಷ್ಟು ಪುಟ್ಟ ಮಕ್ಕಳನ್ನು ಎತ್ತಿಕೊಳ್ಳುವವರು ಯಾರು? ನೀವೇ ಒಂದು ಭಾನುವಾರ ಕರೆದುಕೊಂಡು ಹೋಗಿ, ಮಂಗಳವಾರ ಮಾತ್ರ ಬೇಡ, ರಜೆ. ಟ್ರಿಪ್ಪಿನ ಬಗ್ಗೆ ನನ್ನ ದೂರು ಬೇರೆ. ಕೆರೆ ಹತ್ತಿರ ತಲುಪಿದಾಗಲೇ 11 ದಾಟಿತ್ತು, ಕ್ಯಾನಿನ ನೀರು ಮುಗಿದು ಡ್ರೈವರ್ ಅಂಗಡಿ ಹುಡುಕಿಕೊಂಡು ಹೋಗಿದ್ದಾರೆ. ಮಾರ್ಚ್‌ನಲ್ಲಿ ಕಾರಂಜಿ ಮೊದಲು, ಚರ್ಚ್ ಆಮೇಲೆ ಇಟ್ಟುಕೊಳ್ಳಬೇಕು. ನೆರಳಿನ ಜಾಗ ಮಧ್ಯಾಹ್ನಕ್ಕೆ.

ಈಸ್ಟರ್‌ಗೆ ಬಣ್ಣದ ಮೊಟ್ಟೆ ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಆಟದ ವಿಷಯಕ್ಕೆ ಬರೋಣ. ಶಾಲೆ ಮಾರ್ಚ್ ಕೊನೆಗೆ ಮುಗಿಯುತ್ತದೆ, ಈಸ್ಟರ್ ಏಪ್ರಿಲ್‌ನಲ್ಲಿ. ಮುಂಚೆಯೇ ಮಾಡಿಬಿಡಿ ಎಂದು ಪೋಷಕರೆಲ್ಲ ಹೇಳಿದರು. "ಶುಭ ಶುಕ್ರವಾರಕ್ಕೆ ಮುಂಚೆ ಮೊಟ್ಟೆ ಹಬ್ಬ ಹೇಗಮ್ಮಾ ಮಾಡೋದು? ಈಸ್ಟರ್ ಕಾಲ 50 ದಿನ ಇರುತ್ತೆ, ಆಮೇಲೆ ಬನ್ನಿ" ಎಂದರು ಸಿಸ್ಟರ್. ಸರಿ, ಹಬ್ಬದ ಮಾರನೇ ದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರಹೇಳಿದರು. ಮುಕ್ಕಾಲು ಪಾಲು ಮಕ್ಕಳು ಬಂದರು, ಉಳಿದವರು ಊರಿಗೆ ಹೋಗಿದ್ದರು.

ಮೊಟ್ಟೆ ಬೇಯಿಸಿ ಬಣ್ಣ ಹಾಕಿದ್ದರು. ಈರುಳ್ಳಿ ಸಿಪ್ಪೆ ಹಾಕಿ ಕುದಿಸಿದರೆ ಇಟ್ಟಿಗೆ ಕೆಂಪು, ಅರಿಶಿನಕ್ಕೆ ಹಳದಿ, ಬೀಟ್‌ರೂಟಿಗೆ ಮಾಸಲು ಗುಲಾಬಿ. ಮೊಟ್ಟೆ ತಿನ್ನದ ಮನೆಯ ಮಕ್ಕಳಿಗೆ ಪೇಪರಿನ ಮೊಟ್ಟೆ, ಒಳಗೆ ಕಡಲೆ ಮಿಠಾಯಿ. ಇಬ್ಬರಿಗೂ ಹುಡುಕುವ ಜಾಗ ಬೇರೆ ಬೇರೆ, ಒಂದು ಕಡೆ ಹೊಂಗೆ ಮರದ ಬುಡ, ಇನ್ನೊಂದು ಕಡೆ ಹೂವಿನ ಕುಂಡಗಳು. ಯಾವ ಮನೆಯಲ್ಲಿ ಏನು ಅನ್ನುವುದನ್ನು ಮೊದಲೇ ಫೋನ್ ಮಾಡಿ ಕೇಳಿದ್ದರು. ಈ ಒಂದು ಫೋನ್ ಎಷ್ಟು ರಗಳೆ ತಪ್ಪಿಸುತ್ತದೆ ಅಂತ ಬೇರೆ ಶಾಲೆಯವರು ಕಲಿಯಬೇಕು. ಇನ್ನೊಂದು, ಬಿಸಿಲಿನಲ್ಲಿ ಬಚ್ಚಿಟ್ಟ ಮೊಟ್ಟೆಯನ್ನು ಯಾರಿಗೂ ತಿನ್ನಿಸಲಿಲ್ಲ. ಬೇಯಿಸಿದ ಮೊಟ್ಟೆ ಹೊರಗಡೆ ಎರಡು ಗಂಟೆ ಇದ್ದರೆ ತಿನ್ನಬಾರದು, ಈ ಸೆಕೆಯಲ್ಲಿ ಇನ್ನೂ ಬೇಗ ಕೆಡುತ್ತದೆ. ತಿನ್ನಲು ಅಡುಗೆಮನೆಯಿಂದ ಬೇರೆ ಮೊಟ್ಟೆ ಬಂತು. ಮಗಳು ಹಳದಿಯದು ಸಿಗುವ ತನಕ ಕೆಂಪು ಮೊಟ್ಟೆ ಕಂಡರೂ ಎತ್ತದೆ ಬೇರೆಯವರಿಗೆ ತೋರಿಸುತ್ತಿದ್ದಳು.

ಇಷ್ಟೆಲ್ಲ ಚೆನ್ನಾಗಿ ಮಾಡಿದವರು ಗ್ರಾಜುಯೇಷನ್ ಡೇ ಮಾತ್ರ ಯಾಕೆ ಹಾಗೆ ಮಾಡಿದರೋ. ಮಾರ್ಚ್ ಕೊನೆಯ ವಾರ, ಬೆಳಿಗ್ಗೆ 11 ಗಂಟೆ, ಶಾಮಿಯಾನದ ಕೆಳಗೆ ಯುಕೆಜಿ ಮಕ್ಕಳಿಗೆ ಕರಿ ಪಾಲಿಯೆಸ್ಟರ್ ಗೌನು, ತಲೆಗೆ ಚೌಕ ಟೋಪಿ. ಗೌನಿನ ಬಾಡಿಗೆ 400, ಫೋಟೋಗೆ 300. ಮಕ್ಕಳ ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಎಲ್‌ಕೆಜಿಯವರದು 'ಸ್ಪ್ರಿಂಗ್ ಡಾನ್ಸ್'. ನನ್ನ ಮಗಳು ಒಂದು ಹೂವು, ಥರ್ಮೋಕೋಲ್ ದಳ ಕಿವಿಗೆ ಚುಚ್ಚಿ ವೇದಿಕೆ ಮೇಲೆಯೇ ಕಿತ್ತುಹಾಕಿದಳು. ಆ ಕಾಸ್ಟ್ಯೂಮಿನ ಬಣ್ಣ ಹಳದಿ ಅಂತ ಗ್ರೂಪಿನಲ್ಲಿ ಮೆಸೇಜು ಬಂದದ್ದು ಹಿಂದಿನ ರಾತ್ರಿ. ಒಂಬತ್ತು ಗಂಟೆಗೆ ದೇವರಾಜ ಮಾರ್ಕೆಟ್ ಸುತ್ತಮುತ್ತ ಹಳದಿ ಕಾಲುಚೀಲ ಹುಡುಕಿದ್ದೀರಾ ಎಂದಾದರೂ? ಹುಡುಕಬೇಡಿ. ನಿರೂಪಣೆ ಪೂರ್ತಿ ಇಂಗ್ಲಿಷ್. ವರಾಂಡದಲ್ಲಿ ಮಕ್ಕಳ ಜೊತೆ ಚಂದದ ಮಂಡ್ಯ ಕನ್ನಡ ಮಾತಾಡುವ ಮಿಸ್ಸು ಮೈಕ್ ಕೈಗೆ ಬಂದ ತಕ್ಷಣ ಬೇರೆ ಯಾರೋ ಆಗಿಬಿಡುತ್ತಾರೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿ ತಾತಂದಿರು ಎಲ್ಲರೂ ಚಪ್ಪಾಳೆ ತಟ್ಟಿದಾಗ ತಟ್ಟಿದರು.

ಆಮೇಲೆ ಸಿಸ್ಟರ್ ಹತ್ತಿರ ಹೇಳಿದೆ. ಅವರ ಉತ್ತರ ಕೇಳಿ ನನಗೇ ಸುಸ್ತಾಯಿತು. ಒಂದು ವರ್ಷ ಗೌನ್ ಬೇಡ ಎಂದು ಬಿಟ್ಟಿದ್ದರಂತೆ, ಪಕ್ಕದ ಶಾಲೆಯಲ್ಲಿ ಇದೆ ನಿಮ್ಮಲ್ಲಿ ಯಾಕಿಲ್ಲ ಎಂದು ಪೋಷಕರೇ ಜಗಳಕ್ಕೆ ಬಂದರಂತೆ. ಅಂದರೆ ಈ ಸೊನ್ನೆ ಮಾರ್ಕನ್ನು ಶಾಲೆಗೂ ನಮಗೂ ಅರ್ಧರ್ಧ ಹಂಚಬೇಕು.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ, ಧರ್ಮ ಕಲಿಸುತ್ತಾರಾ ಅಂತ. ನಾನು ನೋಡಿದ್ದು ಇಷ್ಟು. ಬೆಳಿಗ್ಗೆ ಕಣ್ಣು ಮುಚ್ಚಿ ಒಂದು ಚಿಕ್ಕ ಪ್ರಾರ್ಥನೆ ಇದೆ, ಊಟಕ್ಕೆ ಮುಂಚೆ ಒಂದು ಸಾಲು ಇದೆ. ಹಬ್ಬದ ಕಥೆ ಹೇಳುತ್ತಾರೆ, ಯುಗಾದಿಯದೂ ಹೇಳುತ್ತಾರೆ, ಈಸ್ಟರ್‌ನದೂ ಹೇಳುತ್ತಾರೆ. ಗರಿಗಳ ಭಾನುವಾರದ ಮೆರವಣಿಗೆಗೆ ಬನ್ನಿ ಎಂದು ಯಾರನ್ನೂ ಒತ್ತಾಯ ಮಾಡಲಿಲ್ಲ, ಬಂದವರನ್ನು ಬೇಡ ಎನ್ನಲೂ ಇಲ್ಲ. ಮಗಳು ಈಗ ಊಟಕ್ಕೆ ಮುಂಚೆ ಕೈ ಮುಗಿಯುತ್ತಾಳೆ, ನಮ್ಮ ಮನೆಯಲ್ಲಿ ಅದರಿಂದ ಯಾರಿಗೂ ತೊಂದರೆ ಆಗಿಲ್ಲ. ನಿಮಗೆ ಆಗುತ್ತದೆ ಅನ್ನಿಸಿದರೆ ಬೇರೆ ನೋಡಿ. ಪ್ರೈವೇಟೇ ಆಗಬೇಕು ಅಂತೇನೂ ಇಲ್ಲ, ರಾಜ್ಯದ ಮೊದಲ ಅಂಗನವಾಡಿಗಳು 1975ರಲ್ಲಿ ಶುರುವಾದದ್ದು ನಮ್ಮ ಟಿ. ನರಸೀಪುರದಲ್ಲೇ, ಒಳ್ಳೆ ಕಾರ್ಯಕರ್ತೆ ಇರುವ ಅಂಗನವಾಡಿಯಲ್ಲಿ ಮಕ್ಕಳು ಖುಷಿಯಾಗಿರುವುದನ್ನೂ ನೋಡಿದ್ದೇನೆ.

ಸೇರಿಸುವವರಿಗೆ ಎರಡು ಮಾತು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ ಬಂದ ಮೇಲೆ ಇವರು ನರ್ಸರಿಗೆ 3 ತುಂಬದೆ ತೆಗೆದುಕೊಳ್ಳುವುದಿಲ್ಲ, ಎರಡು ತಿಂಗಳು ಕಡಿಮೆ ಇದೆ ಬಿಡಿ ಮೇಡಂ ಎಂದೆಲ್ಲ ಹೇಳಿ ಪ್ರಯೋಜನವಿಲ್ಲ. ಅಡ್ಮಿಷನ್ ಕೇಳಲು ಹೋಗುವುದಾದರೆ ಮಾರ್ಚ್‌ನಲ್ಲಿ ಬೆಳಿಗ್ಗೆ 10ರ ಹೊತ್ತಿಗೆ ಹೋಗಿ, ಮಕ್ಕಳು ಮರದ ಕೆಳಗಿರುತ್ತಾರೆ, ಆಫೀಸಿಗೆ ಹೋಗುವ ಮುಂಚೆ ಹತ್ತು ನಿಮಿಷ ಅಲ್ಲಿ ನಿಂತು ನೋಡಿ. ಕೆಲಸಕ್ಕೆ ಹೋಗುವವರಿಗೆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೂ ಆಫೀಸು ಸ್ವಲ್ಪ ಹೊತ್ತು ತೆಗೆದಿರುತ್ತದೆ. ಯೂನಿಫಾರಂ ಜೊತೆ ಬಿಳಿ ಸಾಕ್ಸ್ ಕಡ್ಡಾಯ ಎನ್ನುತ್ತಾರೆ. ಮರಳಿನ ಗುಂಡಿ ಇಟ್ಟುಕೊಂಡು ಬಿಳಿ ಸಾಕ್ಸ್ ಯಾಕೆ ಎಂದು ದಯವಿಟ್ಟು ನೀವೂ ಒಂದು ಸಲ ಕೇಳಿ, ನಾನು ಕೇಳಿ ಕೇಳಿ ಸಾಕಾಗಿದೆ.